ಹಸಿರು ಶಾಲು, ನೀಲಿ ಶಾಲು

ಸೂರ್ಯ ಇನ್ನೂ ಎಳೆಯವನಾಗಿದ್ದ ಕಾಲದಲ್ಲಿ ನೀರಮಂಡಲವೆಂಬ ರಾಜ್ಯವಿತ್ತು. ಅಲ್ಲಿ ಬಣ್ಣಗಾರರ ಮನೆಯಲ್ಲಿ ಸಂಪಿ ಎಂಬ ಹುಡುಗಿಯೂ ಅವಳ ಅಣ್ಣ ಬೀರಣ್ಣನೂ ಇದ್ದರು. ಅಪ್ಪ ಬಿಟ್ಟುಹೋದ ನೀಲಿ ಬಾನಿಯೇ ಅವರ ಅನ್ನ. ಬಾನಿಯಲ್ಲಿ ಅದ್ದಿದ ಬಟ್ಟೆ ಹಸಿರಾಗಿ ಮೇಲೆ ಬರುತ್ತದೆ. ಗಾಳಿಗೆ ಹರವಿದರೆ ನೋಡನೋಡುತ್ತಿದ್ದಂತೆ ನೀಲಿಯಾಗುತ್ತದೆ. ಹಸಿರಿರುವಾಗಲೇ ಮಡಚಿದರೆ ಕೆಟ್ಟಿತು.

ಒಂದು ದಿನ ಬೀರಣ್ಣ ಏನೋ ಯೋಚನೆಯಲ್ಲಿ ರಾಜಕುಮಾರಿಯ ಮದುವೆ ಸೀರೆಯನ್ನು ಹಸಿರಿರುವಾಗಲೇ ಮಡಚಿಟ್ಟ. ಬಿಚ್ಚಿ ನೋಡಿದರೆ ಸೀರೆಯ ತುಂಬ ಕಲೆ. ಸಂಪಿಗೆ ಸಿಟ್ಟು ನೆತ್ತಿಗೇರಿತು.

“ಅಪ್ಪ ನಿನ್ನ ಚಿಂತೇಲೇ ಕೊರಗಿ ಸತ್ತಿದ್ದು” ಎಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೀರಣ್ಣ ಅಂಗಳಕ್ಕೆ ಹೋದ. ಸಂಪಿ ಮತ್ತೊಂದು ಸೀರೆ ಅದ್ದತೊಡಗಿದಳು. ಆಮೇಲೆ ಅವನು ತಿರುಗಿ ಬಂದ. ಹೊಸ್ತಿಲು ದಾಟಲು ಕಾಲೆತ್ತಿದ, ಏನೋ ಹೇಳಲು ಬಾಯಿ ತೆರೆದ, ಹಾಗೇ ನಿಂತುಬಿಟ್ಟ.

ಅವನೊಬ್ಬನೇ ಅಲ್ಲ. ಅಡುಗೆಯವನು ಒಗ್ಗರಣೆ ಹಾಕಲು ಸೌಟೆತ್ತಿ ನಿಂತ. ಮಂತ್ರಿ ಸುಳ್ಳು ಹೇಳಲು ಗಂಟಲು ಸರಿಮಾಡಿಕೊಂಡು ನಿಂತ. ಮೋಡ ಸುರಿಯಲು ಕಪ್ಪಾಗಿ ನಿಂತಿತು. ಅದು ಗಡಿಯಾಚೆಯ ಬೆಟ್ಟದ ಮೇಲಿದ್ದ ಮರುಳಾಕ್ಷನೆಂಬ ಮಾಂತ್ರಿಕನ ಮಾಟ. ಆ ಗಳಿಗೆಯಲ್ಲಿ ಏನಾದರೂ ಮಾಡಲು ಹೊರಟಿದ್ದವರನ್ನೆಲ್ಲ ಅದು ಹಿಡಿದಿತ್ತು. ಮುಂದಿನದನ್ನು ನೆನೆಯದೆ ಕೈಯಲ್ಲಿದ್ದ ಕೆಲಸವನ್ನೇ ಮಾಡುತ್ತಿದ್ದವಳು ಇಡೀ ರಾಜ್ಯದಲ್ಲಿ ಸಂಪಿ ಒಬ್ಬಳೇ, ಅವಳೊಬ್ಬಳೇ ಉಳಿದಳು. ಅಷ್ಟು ದೊಡ್ಡ ರಾಜ್ಯದ ಹಣೆಬರಹ ನೋಡಿ.

ಅಣ್ಣನ ಅರೆತೆರೆದ ಬಾಯನ್ನು ನೋಡಿ ಅವಳಿಗೆ ಕೂಳು ಸೇರಲಿಲ್ಲ. ಬಯ್ಯಲು ಬಂದನೋ, ಇನ್ನು ನೀನು ನನ್ನ ತಂಗಿಯಲ್ಲ ಎನ್ನಲು ಬಂದನೋ? ಏನೇ ಆಗಲಿ, ಆ ಮಾತನ್ನು ಕೇಳಲೇಬೇಕು ಎಂದು ಮಾಂತ್ರಿಕನ ಬೆಟ್ಟಕ್ಕೆ ಹೊರಟಳು.

ಬೆಟ್ಟದ ಬುಡದಲ್ಲಿ ರಾಜ್ಯದ ಗಡಿಯಾಚೆ ಎರಡು ಭಾಷೆ ಬಲ್ಲ ಒಬ್ಬ ದುಭಾಷಿ ಅಜ್ಜಿ ಇದ್ದಳು. ಮರುಳಾಕ್ಷ ಕಡಲಾಚೆಯಿಂದ ಬಂದವನು, ಅವನ ಮಾಟವೆಲ್ಲ ಇಂಗ್ಲಿಷಿನಲ್ಲಿದೆ ಎಂದು ಅವಳು ತಿಳಿಸಿದಳು. ಆ ಭಾಷೆಯಲ್ಲಿ ಕೆಲಸ ಹೇಳುವ ಪ್ರತಿ ಮಾತಿಗೂ ಎರಡು ಶಾಲು. ‘ಟು’ ಎಂಬ ಹಸಿರು ಶಾಲನ್ನು ಮುಂದೆ ಕಟ್ಟುತ್ತಾರೆ, ಅದು ಇನ್ನೂ ಆಗಬೇಕಾದುದಕ್ಕೆ. ‘ಇಂಗ್’ ಎಂಬ ನೀಲಿ ಶಾಲನ್ನು ಹಿಂದೆ ಇಳಿಬಿಡುತ್ತಾರೆ, ಅದು ಆಗುತ್ತಿರುವುದಕ್ಕೆ, ಆಗಿಹೋದುದಕ್ಕೆ. ಬೆಟ್ಟದ ಮೇಲೆ ಮೂರು ಬಾಗಿಲು, ಮೂರು ಕಾವಲು ಜೀವಗಳು. ಒಂದೊಂದಕ್ಕೂ ಒಪ್ಪುವ ಶಾಲನ್ನೇ ಹೊದಿಸಬೇಕು. ಯಾವುದಕ್ಕೆ ಯಾವುದು ಎಂದು ಸಂಪಿ ಕೇಳಿದಳು.

“ಬಾಯಿಪಾಠ ಮಾಡಿ ಹೋದವರೆಲ್ಲ ಅಲ್ಲೇ ಕಲ್ಲಾಗವ್ರೆ ಮಗಳೇ. ನೀನು ಅವುಗಳ ಮುಖ ನೋಡು” ಎಂದಳು ಅಜ್ಜಿ.

ಮೊದಲ ಬಾಗಿಲಲ್ಲಿ ವಾಂಟ್ ಎಂಬ ಹುಲಿ. ಕಾಲಬುಡದಲ್ಲಿ ಮಾಂಸ ಬಿದ್ದಿದ್ದರೂ ಅದರ ಕಣ್ಣು ದೂರದ ಗುಡ್ಡದಾಚೆಗೇ ಇತ್ತು. ಇದಕ್ಕೆ ಬೇಕಾದದ್ದು ಇನ್ನೂ ಬಂದಿಲ್ಲ ಎಂದುಕೊಂಡು ಸಂಪಿ ಬಾಗಿಲ ಪಕ್ಕದ ಗೂಟದಲ್ಲಿ ತೂಗುತ್ತಿದ್ದ ಎರಡು ಶಾಲುಗಳಲ್ಲಿ ಹಸಿರನ್ನು ತೆಗೆದು ಕಟ್ಟಿದಳು. ಹುಲಿ ಬೆಕ್ಕಿನಷ್ಟು ಮೆತ್ತಗಾಗಿ ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಲ್ಲಿ ಎಂಜಾಯ್ ಎಂಬ ಆನೆ. ಒಮ್ಮೆ ಗೆದ್ದ ಧೈರ್ಯದಲ್ಲಿ ಸಂಪಿ ಮತ್ತೆ ಹಸಿರಿಗೇ ಕೈಹಾಕಿದಳು. ಆಗಲೇ ಅವಳ ಬೆರಳ ತುದಿ ಕಲ್ಲಾಗತೊಡಗಿತು. ಬೆಚ್ಚಿ ಕೈ ಹಿಂತೆಗೆದು ಆನೆಯ ಮುಖ ನೋಡಿದಳು. ಅದು ಕಣ್ಣು ಮುಚ್ಚಿ ಬಾಯಲ್ಲಿದ್ದ ಕಬ್ಬನ್ನು ಜಗಿಯುತ್ತಿತ್ತು. ನಾಳೆಯ ಕಬ್ಬಿನ ಗೊಡವೆ ಅದಕ್ಕಿರಲಿಲ್ಲ. ನೀಲಿ ಶಾಲು ಹೊದಿಸಿದಳು, ಆನೆ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ರಿಮೆಂಬರ್ ಎಂಬ ಬಿಳಿಯ ಹಕ್ಕಿ ಕೂತಿತ್ತು. ನಿಂತುಹೋದ ಕೆಲಸಗಳೆಲ್ಲ ಅದರ ರೆಕ್ಕೆಯಡಿಯಲ್ಲಿ ಬೆಚ್ಚಗೆ ಮಲಗಿದ್ದವು. ಪಕ್ಕದಲ್ಲಿ ಮರುಳಾಕ್ಷ ನಿಂತಿದ್ದ. ಇದಕ್ಕೆ ಎರಡು ಶಾಲೂ ಒಪ್ಪುತ್ತವೆ, ಆದರೆ ಹೊದಿಸಿದವರಿಗೆ ಸಿಗುವುದು ಬೇರೆ ಬೇರೆ ಎಂದ. ನೀಲಿ ಶಾಲನ್ನು ಅವನೇ ಅವಳ ಕೈಗಿತ್ತ. ಮುಟ್ಟಿದ್ದೇ ತಡ, ಅಪ್ಪ ಬಾನಿ ಕಲಕುತ್ತಿರುವುದು ಕಂಡಿತು. ಪುಟ್ಟ ಬೀರಣ್ಣ ಅವಳನ್ನು ಬೆನ್ನ ಮೇಲೆ ಹೊತ್ತು ಅಂಗಳ ಸುತ್ತುತ್ತಿದ್ದ. ಅವನ ಬೆನ್ನಿನ ಬೆವರಿನ ವಾಸನೆಯೂ ಮೂಗಿಗೆ ಬಂತು. ಸಂಪಿಯ ಕಣ್ಣು ತುಂಬಿತು.

“ಇದನ್ನು ಹೊದಿಸು, ಕಳೆದದ್ದೆಲ್ಲ ನಿನ್ನದೇ” ಎಂದ ಮರುಳಾಕ್ಷ ಮೆಲ್ಲಗೆ. “ನಿನ್ನಣ್ಣ ಅಲ್ಲೇ ನಿಂತಿರಲಿ. ಅವನ ಬಾಯಿಂದ ಕೆಟ್ಟ ಮಾತೂ ಬರುವುದಿಲ್ಲ.”

ಸಂಪಿಗೆ ಅಲ್ಲೇ ಇದ್ದುಬಿಡುವ ಆಸೆಯಾಯಿತು. ಆದರೆ ಆ ನೆನಪಿನಲ್ಲಿ ನಗುತ್ತಿದ್ದ ಹುಡುಗನ ಮುಖ ಕಂಡಷ್ಟೂ ಹೊಸ್ತಿಲ ಮೇಲೆ ನಿಂತವನ ಮುಖವೇ ಎದುರಿಗೆ ಬರುತ್ತಿತ್ತು. ಇಷ್ಟು ದೂರ ಅವನ ಮಾತು ಕೇಳಲೆಂದು ಬಂದಿದ್ದಳು. ಹೇಳಬೇಕಾದ ಮಾತು ತನ್ನದೇ ಒಂದಿದೆಯೆಂದು ಆಗ ಹೊಳೆಯಿತು. ನೀಲಿ ಶಾಲನ್ನು ಕೆಳಗಿಟ್ಟು ಹಸಿರನ್ನು ಹೊದಿಸಿದಳು.

ಹಕ್ಕಿಗೆ ತಾನು ಹಾರಬೇಕೆಂಬುದು ನೆನಪಾಯಿತು. ರೆಕ್ಕೆ ಬಿಚ್ಚಿತು. ಮರುಳಾಕ್ಷ ತನ್ನ ಸಾವನ್ನೂ ನಾಳೆ ನಾಳೆ ಎಂದು ಅದರಡಿಯಲ್ಲೇ ಬಚ್ಚಿಟ್ಟಿದ್ದ. ಅದು ಬಂದು ಅವನನ್ನು ಮುಟ್ಟಿತು, ಅವನು ಬೂದಿಯಾದ. ಕಲ್ಲಾದವರು ಮೈಮುರಿದು ಎದ್ದರು. ಹಕ್ಕಿ ಸಂಪಿಯನ್ನು ಹೊತ್ತು ರಾಜ್ಯದ ಮೇಲೆ ಹಾರಿತು, ಕೆಲಸಗಳು ಒಂದೊಂದಾಗಿ ಉದುರಿ ತಮ್ಮ ತಮ್ಮ ಮನೆ ಸೇರಿದವು. ಮಳೆ ಸುರಿಯಿತು, ಒಗ್ಗರಣೆ ಚಟಪಟ ಎಂದಿತು, ಮಂತ್ರಿ ತನ್ನ ಸುಳ್ಳನ್ನೂ ಹೇಳಿ ಮುಗಿಸಿದ.

ಕೊನೆಗೆ ಹಕ್ಕಿ ಬಣ್ಣಗಾರರ ಅಂಗಳದಲ್ಲಿ ಇಳಿಯಿತು. ಸಂಪಿ ಹಿತ್ತಲ ಬಾಗಿಲಿನಿಂದ ಒಳಗೋಡಿ ಅಣ್ಣನ ಎದುರು ನಿಂತಳು. ಉಳಿದಿದ್ದ ಕೊನೆಯ ಕೆಲಸ ಹಾರಿ ಅವನನ್ನು ಮುಟ್ಟಿತು. ಎತ್ತಿದ ಕಾಲು ಒಳಗೆ ಬಿತ್ತು, ತುಟಿ ಅಲುಗಿತು. ಅವಳು ಕಾಯಲಿಲ್ಲ.

“ಅಣ್ಣ, ನಾನಂದಿದ್ದು ಸುಳ್ಳು. ಅಪ್ಪ ನಿನ್ನಿಂದ ಕೊರಗಲಿಲ್ಲ. ತಪ್ಪಾಯ್ತು.”

ಬೀರಣ್ಣ ತೆರೆದ ಬಾಯನ್ನು ಮುಚ್ಚಿದ. ಅವಳನ್ನೇ ನೋಡಿದ.

“ಕೈ ತೊಳ್ಕೊಂಡು ಬಾ, ಉಣ್ಣೋಣ” ಎಂದ.

ರಾಜಕುಮಾರಿಯ ಮದುವೆ ನಡೆಯಿತು, ನೀರಮಂಡಲದವರೆಲ್ಲ ಉಂಡುಟ್ಟು ಸುಖವಾಗಿದ್ದರು. ಬಣ್ಣಗಾರರ ಅಣ್ಣ ತಂಗಿ ಮುದುಕರಾಗುವ ತನಕ ಒಂದೇ ಬಾನಿಯಲ್ಲಿ ಕೈಯಿಟ್ಟು ಬದುಕಿದರು. ಅವತ್ತು ಅವನು ಹೇಳಲು ಬಂದದ್ದೇನೆಂದು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ.