ಇಸ್ಸಾಕ್ವಾದ ಮರದ ಕತ್ತಿ

"ಕತ್ತಿ ಇಲ್ಲ! ಯಾರೋ ಕದ್ದಿದಾರೆ!"

ಶನಿವಾರ ಬೆಳಗ್ಗೆ ರಂಗದ ಮೇಲಿನ ಪೆಟ್ಟಿಗೆ ತೆರೆದ ನಮ್ಮ ತಂಡದ ಜಯಂತ್ ಹಾಲ್ ನಡುಗುವಂತೆ ಕಿರುಚಿದ.

ಅಮೆರಿಕದ ಇಸ್ಸಾಕ್ವಾ ಊರಿನ ಆ ಬಾಡಿಗೆ ಹಾಲ್‌ನಲ್ಲಿ ಸಂಜೆ ನಮ್ಮ ಕನ್ನಡ ತಂಡದ ನಾಟಕ. ಪ್ರಾಚೀನ ರೋಮ್‌ನ ಕಥೆ. ಅಲ್ಲಿ ಜನಜಾತ್ರೆಯ ಮುಂದೆ ಕಾದಾಡುತ್ತಿದ್ದ ಗುಲಾಮ ಮಲ್ಲನಿಗೆ ಬಿಡುಗಡೆ ಸಿಕ್ಕರೆ, ಗುರುತಿಗೆ ಒಂದು ಮರದ ಕತ್ತಿ ಕೊಡುತ್ತಿದ್ದರಂತೆ. ನಮ್ಮ ನಾಟಕ ಮುಗಿಯುವುದೂ ಅಲ್ಲೇ. ದೊರೆ ಕತ್ತಿ ಕೊಡುತ್ತಾನೆ, ಮಲ್ಲ ಸ್ವತಂತ್ರನಾಗುತ್ತಾನೆ. ರೋಮ್‌ನ ಅಖಾಡದಂತೆ ರಂಗದ ತುಂಬ ಮರಳು ಹರಡಿದ್ದೆವು. ಆ ಮೂಟೆಗಳನ್ನೆಲ್ಲ ಹೊತ್ತವನು ನಾನು, ರಘು. ಸೊಂಟ ಇನ್ನೂ ಹಿಡಿದುಕೊಂಡಿದೆ. ಯಾರೂ ಕೇಳಲಿಲ್ಲ, ಬಿಡಿ.

ನಾಟಕ ಬರೆದು, ಆಡಿಸಿ, ದೊರೆಯ ಪಾತ್ರವನ್ನೂ ಮಾಡುತ್ತಿದ್ದ ಚಂದ್ರಮೌಳಿ ಸರ್ ಸಿಂಹಾಸನದ ಮೇಲೆ ಕುಳಿತಿದ್ದರು. ಮೈಸೂರಿನ ಹಳೇ ರಂಗನಟರು.

"ಕತ್ತಿ ಇಲ್ದೆ ನಾಟಕ ಇಲ್ಲ. ಕ್ಯಾನ್ಸಲ್ ಮಾಡಿ" ಎಂದರು.

"ಸರ್, ಒಂದು ಹಲಗೆ ತಂದು ಕುಯ್ದ್ರೆ ಆಯ್ತು" ಎಂದೆ.

"ಆಗಲ್ಲ ಅಂದ್ರೆ ಆಗಲ್ಲ!"

ಹಾಲ್ ಬಾಗಿಲು ತೆರೆಯುವ ಕೋಡ್ ನಂಬರ್ ಗೊತ್ತಿದ್ದದ್ದು ತಂಡದವರಿಗೆ ಮಾತ್ರ. ಎಲ್ಲರ ಕಣ್ಣೂ ಗಗನ್ ಮೇಲೆ ಹೋಯಿತು. ಮಲ್ಲನ ಪಾತ್ರ ಅವನದು. ಹಿಂದಿನ ರಾತ್ರಿ ಮೌಳಿ ಸರ್ ತಾಲೀಮಿನ ಕೊನೆಯಲ್ಲಿ, ನೀನು ತಪ್ಪು ಮಾಡಿದೆ ಎಂದು ಅವನಿಗೆ ಛೀಮಾರಿ ಹಾಕಿದ್ದರು. "ಇನ್ಮೇಲೆ ನಾನು ಬರಲ್ಲ" ಎಂದು ಅವನೂ ಕೂಗಾಡಿದ್ದ. ಆದರೂ ಮರಳು ಸಮ ಮಾಡಿ, ಕೊನೆಯಲ್ಲಿ ಹೊರಟವನು ಅವನೇ.

"ಕತ್ತಿ ಕೊಡು, ಇಲ್ಲಾ ತಂಡ ಬಿಟ್ಟು ಹೋಗು" ಎಂದ ಜಯಂತ್.

ಗಗನ್ ಮುಖ ಕಪ್ಪಿಟ್ಟಿತು. "ನಾನು ಕಳ್ಳನಾ? ಇಷ್ಟು ವರ್ಷ ನಿಮ್ ಜೊತೆ ಇದ್ದೀನಲ್ರೋ!"

* * *

"ಅಳಿಯಂದಿರೇ, ಕಾಲು ತೆಗೀರಿ ಅಲ್ಲಿಂದ."

ನಮ್ಮತ್ತೆ ಅಲಮೇಲು. ಮೈಸೂರಿನಲ್ಲಿ ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅಮೆರಿಕಕ್ಕೆ ಬಂದ ಮೇಲೆ ಅವರು ಪತ್ತೆ ಮಾಡಿದ ಕೇಸು ಒಂದೇ, ನಾನು ಬಚ್ಚಿಟ್ಟಿದ್ದ ಚಿಪ್ಸ್ ಪೊಟ್ಟಣ.

ಅತ್ತೆ ಮರಳಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತರು. "ಈ ಶೂ ಗುರುತು ಜಯಂತಂದು, ಈಗ ತಾನೇ ಪೆಟ್ಟಿಗೆ ಹತ್ರ ಹೋಗಿದ್ದು. ಆದ್ರೆ ಇದು ಬರಿಗಾಲು. ಈ ಚಳೀಲಿ ಬರಿಗಾಲಲ್ಲಿ ಬಂದ ಕಳ್ಳ ಯಾರಪ್ಪ?"

ಹೆಜ್ಜೆಗಳು ಶುರುವಾಗುವ ಮೊದಲು ಮರಳಲ್ಲಿ ನಾಲ್ಕು ಪುಟ್ಟ ಗುಳಿ. ಬೆರಳ ತುದಿಯ ಗುರುತು.

ನೃತ್ಯ ಕಲಿಸುವ ಪೂಜಿತಾ ಬಗ್ಗಿ ನೋಡಿದಳು. "ಅಯ್ಯೋ! ಸ್ಟೇಜ್ ಹತ್ತೋ ಮುಂಚೆ ನಾವು ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ಕೋತೀವಲ್ಲ, ಹಾಗೇ ಇದೆ."

"ಹಾಗಾದ್ರೆ ನೀನೇ!" ಎಂದ ಜಯಂತ್.

"ಸುಮ್ನಿರಪ್ಪ" ಎಂದರು ಅತ್ತೆ. "ಈ ಗುರುತಲ್ಲಿ ಅವಳ ಪಾದ ಎರಡು ಹಿಡಿಯುತ್ತೆ."

ಹೆಜ್ಜೆಗಳು ಪೆಟ್ಟಿಗೆಗೆ ಹೋಗಿದ್ದವು. ಅಲ್ಲಿಂದ ನೇರ ಸಿಂಹಾಸನದ ಕಟ್ಟೆಗೆ. ವಾಪಸ್ ಬಂದಿರಲಿಲ್ಲ. ಕಟ್ಟೆಗೆ ಹಿಂದಿನಿಂದಲೂ ಮೆಟ್ಟಿಲಿತ್ತು, ಮರಳು ತುಳಿಯದೆ ಹತ್ತಿಳಿಯಬಹುದಿತ್ತು.

"ಮೌಳಿಯವರೇ," ಅತ್ತೆಯ ದನಿ ಮೆತ್ತಗಾಯಿತು. "ಬೆಳಗ್ಗೆಯಿಂದ ಕೂತಲ್ಲೇ ಕೂತಿದೀರಿ. ಸ್ವಲ್ಪ ಏಳ್ತೀರಾ?"

ಅವರು ನಿಧಾನವಾಗಿ ಎದ್ದರು. ಅವರು ಕೂತಿದ್ದ ದಿಂಬಿನಡಿ ಮರದ ಕತ್ತಿ ಇತ್ತು.

* * *

ನಾನೇ ಮೊದಲು ಕೇಳಿದೆ. "ಅತ್ತೆ, ನಿಮಗೆ ಹೇಗೆ ಗೊತ್ತಾಯ್ತು?"

"ಹುಟ್ಟಾ ಕಲಾವಿದ. ಕದಿಯೋಕೆ ಬಂದಾಗ್ಲೂ ರಂಗಕ್ಕೆ ನಮಸ್ಕಾರ ಮಾಡಿದಾರೆ. ಕತ್ತೀನ ರಂಗದಿಂದಾಚೆ ಒಯ್ಯೋಕೂ ಮನಸ್ಸು ಬಂದಿಲ್ಲ. ಮತ್ತೆ ಒಂದು ಮರದ ತುಂಡು ಹೋಗಿದ್ದಕ್ಕೆ ಯಾರಾದ್ರೂ ನಾಟಕ ನಿಲ್ಲಿಸ್ತಾರಾ? ನಿಲ್ಲಬೇಕು ಅಂತಿದ್ದೋರು ಮಾತ್ರ. ಯಾಕೆ ಅಂತ ಅವರೇ ಹೇಳ್ಬೇಕು."

ಮೌಳಿ ಸರ್ ಕಟ್ಟೆಯ ಅಂಚಿಗೆ ಬಂದು ಕುಳಿತರು. "ಮಾತು ನೆನಪಿಗೆ ಬರ್ತಿಲ್ಲಮ್ಮ. ನಾನೇ ಬರೆದ ಮಾತು! ನಿನ್ನೆ ಕೊನೇ ಸೀನಲ್ಲಿ ಪೂರ್ತಿ ಹಾರಿಹೋಯ್ತು. ನಾಚಿಕೆಗೆ ಗಗನ್ ಮೇಲೆ ರೇಗ್ಬಿಟ್ಟೆ. ಜನರ ಮುಂದೆ ಹಾಗಾದ್ರೆ ಅಂತ ಭಯ. ನಾಟಕ ನಿಂತ್ರೆ ಸಾಕು ಅನ್ನಿಸ್ತು."

"ಹುಡುಗನ್ನ ಕಳ್ಳ ಅಂದಾಗ ಬಾಯಿ ಬಿಡಬೇಕಿತ್ತು" ಎಂದರು ಅತ್ತೆ, ಪೊಲೀಸ್ ದನಿಯಲ್ಲೇ.

"ಹೌದು. ತಪ್ಪಾಯ್ತು ಕಣೋ ಗಗನ್." ಮುದುಕರು ಅತ್ತುಬಿಟ್ಟರು. ನನಗೆ ನೋಡಲಾಗಲಿಲ್ಲ.

ಗಗನ್ ಕಟ್ಟೆ ಹತ್ತಿ ಕತ್ತಿ ಕೈಗೆತ್ತಿಕೊಂಡ. ಕೋಪ ಇತ್ತು, ಇರಲೇಬೇಕಲ್ಲ. ಆದರೂ ಕೇಳಿದ: "ಸರ್, ರೋಮ್‌ನಲ್ಲಿ ಮಲ್ಲನ್ನ ಬಿಡಿ ಅಂತ ಹೇಳ್ತಿದ್ದೋರು ಯಾರು? ನೀವೇ ಪಾಠ ಮಾಡಿದ್ರಲ್ಲ."

"ಜನ. ಸುತ್ತ ಕೂತಿದ್ದ ಜನ ಕೂಗ್ತಿದ್ರು. ದೊರೆ ಕೇಳಿಸ್ಕೋತಿದ್ದ."

"ಮತ್ತೆ ನೀವ್ಯಾಕೆ ಮಾತಾಡ್ಬೇಕು? ಜನಾನೇ ಕೂಗ್ಲಿ. ನೀವು ಕತ್ತಿ ಕೊಡಿ, ಸಾಕು."

ಜಯಂತ್ ತಲೆ ತಗ್ಗಿಸಿ ಬಂದು ಗಗನ್ ಕೈ ಹಿಡಿದುಕೊಂಡ.

* * *

ಸಂಜೆ ಹಾಲ್ ಕಿಕ್ಕಿರಿದಿತ್ತು. ಏನು ಕೂಗಬೇಕೆಂದು ಜಯಂತ್ ಮೊದಲೇ ಎಲ್ಲರಿಗೂ ಹೇಳಿಕೊಟ್ಟಿದ್ದ. ಮೌಳಿ ಸರ್ ಚಪ್ಪಲಿ ಬಿಟ್ಟು, ಮರಳು ಮುಟ್ಟಿ ಕಣ್ಣಿಗೊತ್ತಿಕೊಂಡು ಸಿಂಹಾಸನ ಏರಿದರು.

ಕೊನೆಯ ದೃಶ್ಯ. ಗಗನ್ ಮರಳಲ್ಲಿ ಮಂಡಿಯೂರಿದ. ದೊರೆ ಸುಮ್ಮನೆ ಸಭೆಯತ್ತ ನೋಡಿದರು.

"ಬಿಡುಗಡೆ!" ನಮ್ಮತ್ತೆಯ ಗಂಟಲು ಮೊದಲು. ಆಮೇಲೆ ಇಡೀ ಹಾಲ್. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನಮ್ಮ ಮಕ್ಕಳೂ ಕುರ್ಚಿ ಹತ್ತಿ ಕೂಗಿದವು. "ಬಿಡುಗಡೆ! ಬಿಡುಗಡೆ!"

ಮೌಳಿ ಸರ್ ಇಳಿದು ಬಂದು ಕತ್ತಿ ಕೊಟ್ಟರು. ಪರದೆ ಬೀಳಬೇಕಿತ್ತು. ಹಗ್ಗ ನನ್ನ ಕೈಯಲ್ಲಿತ್ತು.

ಗಗನ್ ಎದ್ದು ನಿಂತ. ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ, ಮತ್ತೆ ಮೌಳಿ ಸರ್‌ಗೇ ಕೊಟ್ಟ. ನಾಟಕದಲ್ಲಿ ಅದು ಇರಲಿಲ್ಲ.

ಈ ಸಲ ಯಾರೂ ಹೇಳಿಕೊಟ್ಟಿರಲಿಲ್ಲ. "ಬಿಡುಗಡೆ!" ಎಂದು ಜನ ತಾವಾಗಿಯೇ ಕೂಗಿದರು. ಮೌಳಿ ಸರ್ ಕತ್ತಿಯನ್ನು ಎದೆಗೊತ್ತಿಕೊಂಡು ನಕ್ಕರು. ನಾನು ಹಗ್ಗ ಬಿಡುವುದನ್ನೇ ಮರೆತು ನಿಂತಿದ್ದೆ.