ಒಂದೇ ಎಳೆತಕ್ಕೆ ಬರುವ ಚೂರಿ

೧೯೫೯ನೇ ಇಸವಿ ಫೆಬ್ರವರಿ ೧೨, ಗುರುವಾರ. ಸಂಜೆ ಆರೂ ನಲವತ್ತಕ್ಕೆ ಶಿರಸಿ ಪೊಲೀಸ್ ಠಾಣೆಗೆ ಒಂದು ದೂರು ತಾನೇ ನಡೆದುಕೊಂಡು ಬಂತು. ಅದರ ಕೈಯಲ್ಲಿ ರಕ್ತ ಮೆತ್ತಿದ ಚೂರಿ ಇತ್ತು.

ಫೌಜದಾರ ಪರಮೇಶ್ವರಪ್ಪ ಆಗಷ್ಟೇ ಬೂಟು ಬಿಚ್ಚಿ, ಬಲಗಾಲಿನ ಆಣಿಯನ್ನು ಸಮಾಧಾನ ಮಾಡುತ್ತ ಕೂತಿದ್ದರು. ಹಾವೇರಿ ಕಡೆಯವರು, ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರ ಜೊತೆ ನಿಷ್ಠೆಯಿಂದ ಬೆಳೆದದ್ದು ಆ ಆಣಿಯೊಂದೇ. ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಮೂರನೇ ವರ್ಷವಾದರೂ ಠಾಣೆಯ ಫಾರಮ್ಮುಗಳ ತಲೆಯ ಮೇಲೆ ಇನ್ನೂ ಮುಂಬಯಿ ಸರಕಾರವೇ ಕೂತಿತ್ತು. ಅದನ್ನು ಗೀಟು ಎಳೆದು ಇಳಿಸುವುದೂ ದಿನದ ಕೆಲಸಗಳಲ್ಲಿ ಒಂದಾಗಿತ್ತು.

"ಸಾಯ್ಬ್ರೇ, ಶಂಕ್ರಪ್ಪೋರನ್ನ ಯಾರೋ ತಿವಿದು ಹಾಕಿರು," ಎಂದ ಬಂದವನು. ಮೂವತ್ತರ ಆಸುಪಾಸಿನ ಸಣಕಲು ಆಳು. ಹೆಸರು ಬೈರ. ಗುಡ್ನಾಪುರದ ಗಾಡಿ ಶಂಕ್ರಪ್ಪನ ಬಳಿ ಕೂಲಿಗಿದ್ದವನು.

"ಚೂರಿ ಯಾಕ ತಂದಿ?"

"ಅವ್ರೇ ತೆಗಿ ತೆಗಿ ಅಂದ್ರು, ಬೇರೆ ಎಂತದೂ ಹೇಳ್ಲಿಲ್ಲ. ತೆಗ್ದೆ. ಆಮೇಲೆ ಎಂತ ಮಾಡೂದು ಅಂತ ಗೊತ್ತಾಗ್ಲಿಲ್ಲ. ಸರಕಾರಕ್ಕೆ ಕೊಡ್ಬೇಕಲ್ಲ ಅಂತ..."

ಪರಮೇಶ್ವರಪ್ಪ ಬೂಟು ಹಾಕಿಕೊಂಡರು.

ಬಸ್ತಿ ರಸ್ತೆ ಮುಗಿದಲ್ಲಿ ಗಾಡಿಗಳು ತಂಗುವ ಬಯಲು. ಬನವಾಸಿ ಕಡೆಯಿಂದ ಭತ್ತ, ಬೆಲ್ಲ ಹೇರಿಕೊಂಡು ಯಲ್ಲಾಪುರದತ್ತ ಹೋಗುವವರು ಅಲ್ಲಿ ಎತ್ತು ಬಿಚ್ಚುತ್ತಿದ್ದರು. ಶಂಕ್ರಪ್ಪ ಬಾವಿಕಟ್ಟೆಯ ಪಕ್ಕ ಬಿದ್ದಿದ್ದ, ಉಸಿರು ನಿಂತಿತ್ತು. ಬಯಲಿನಲ್ಲೇ ಬಯಲಾಗಿದ್ದ ಎಂದು ಯಾರೋ ಅಂದರು. ಯಾರೂ ನಗಲಿಲ್ಲ. ಇತರ ದಿನಗಳಲ್ಲಾದರೆ ಅಂಥ ಮಾತು ಶಂಕ್ರಪ್ಪನದೇ ಆಗಿರುತ್ತಿತ್ತು. ಊರ ಶಾನುಭೋಗರ ಕೆಮ್ಮು, ಸಾವ್ಕಾರರ ನಡಿಗೆ, ಲಾರಿ ಏರು ಹತ್ತಲಾರದೆ ನರಳುವುದು, ಎಲ್ಲವನ್ನೂ ಮಾಡಿ ತೋರಿಸಿ ಇಡೀ ಬಯಲನ್ನು ನಗಿಸುತ್ತಿದ್ದ ಮನುಷ್ಯ.

ಲಾಂದ್ರದ ಬೆಳಕಿನಲ್ಲಿ ಪಂಚರನ್ನು ಕೂರಿಸಿ ಪಂಚನಾಮೆ ಬರೆದರು. ಎದೆಯ ಎಡಕ್ಕೆ ಒಂದೇ ಗಾಯ. ತಿವಿದದ್ದನ್ನು ಕಂಡೆನೆನ್ನುವವರು ಯಾರೂ ಇರಲಿಲ್ಲ. ಮೃತನ ಕೊರಳಲ್ಲಿ ಲಿಂಗದ ಕರಡಿಗೆಯ ಜೊತೆ ಅವನದೇ ಚೂರಿ ಒರೆಯಲ್ಲಿ ಭದ್ರವಾಗಿತ್ತು. ಇನ್ನೊಂದು ಖಾಲಿ ಒರೆ ಗಾಡಿಯ ಕೆಳಗೆ ಹುಲ್ಲಿನಲ್ಲಿ ಸಿಕ್ಕಿತು. ಅದರ ದಾರ ಹರಿದಿತ್ತು. ಬೈರ ತಂದ ಚೂರಿ ಆ ಒರೆಯದೇ.

"ಇದೇನಿದು, ಎಲ್ಲಾರ ಕೊರಳಾಗೂ ಚೂರಿ?" ಎಂದರು ಪರಮೇಶ್ವರಪ್ಪ.

"ಗಾಡಿ ಹೊಡೆಯೋರಿಗೆ ಬೇಕಾಗ್ತದೆ ಸಾಹೇಬ್ರೇ," ಎಂದ ಕಾನ್‌ಸ್ಟೇಬಲ್ ನಾಗಪತಿ. "ಎತ್ತು ಬಿದ್ರೆ ನೊಗದ ಹಗ್ಗ ಅದ್ರ ಕುತ್ತಿಗೆ ಬಿಗಿತದೆ. ಆಗ್ಲೇ ಕೊಯ್ಬೇಕು. ಸೊಂಟದಲ್ಲಿಟ್ರೆ ಕಂಬಳಿ ಅಡಿಗೆ ಸಿಕ್ಕಿ ಬರೂದಿಲ್ಲ. ಅದಕ್ಕೆ ಕೊರಳಿಗೆ. ಇದು ಕೋಲಸಿರ್ಸಿ ಆಚಾರಿ ಕೆಲಸ. ಹೇಳಿ ಮಾಡಿಸೂದು."

ನಾಗಪತಿ ಒರೆಗೆ ಚೂರಿ ಸೇರಿಸಿ ಎತ್ತಿಕೊಂಡ. ಚೂರಿ ಜಾರಿ ಅವನ ಕಾಲ್ಬೆರಳ ಪಕ್ಕ ನೆಟ್ಟಿತು. "ಇದಕ್ಕೆ ಮನೇಲಿ ಕೂರೂ ಬುದ್ಧಿನೇ ಇಲ್ಲ!" ಎಂದು ಹಾರಿದ.

ಆ ದಿನ ಬೆಳಿಗ್ಗೆ ಶಂಕ್ರಪ್ಪ ಕೀಲೆಣ್ಣೆ ಚೆಲ್ಲಿದ್ದಕ್ಕೆ ಬೈರನ ಕೆನ್ನೆಗೆ ಬಾರಿಸಿದ್ದನ್ನು ನಾಲ್ಕು ಜನ ನೋಡಿದ್ದರು. ಕೈಯಲ್ಲಿ ಚೂರಿ, ಅಂಗಿಯಲ್ಲಿ ರಕ್ತ, ಕೆನ್ನೆಯಲ್ಲಿ ಕಾರಣ. ಎಫ್‌ಐಆರ್ ಬರೆಯುವಷ್ಟರಲ್ಲಿ ದೂರುದಾರನೇ ಆರೋಪಿಯಾದ. ಮರುದಿನ ಮ್ಯಾಜಿಸ್ಟ್ರೇಟರು ಅವನನ್ನು ಪೊಲೀಸ್ ವಶಕ್ಕೆ ಕೊಟ್ಟರು. ಕಾರವಾರದಿಂದ ದೊಡ್ಡ ಸಾಹೇಬರ ಫೋನು ಬಂತು.

"ಆರೋಪಿ ಸಿಕ್ಕಿದ್ದಾನೆ, ಆಯುಧ ಸಿಕ್ಕಿದೆ. ಇನ್ನೇನು ಕಾಯ್ತಾ ಇದೀರಿ, ಮುಹೂರ್ತವೇ? ಸೋಮವಾರದೊಳಗೆ ಮುಗಿಸಿ."

ಫೋನಿಟ್ಟ ಮೇಲೆ ನಾಗಪತಿ ಅದೇ ಮೂಗಿನ ದನಿಯಲ್ಲಿ, "ಮುಹೂರ್ತವೇ?" ಎಂದ. ಪರಮೇಶ್ವರಪ್ಪನವರಿಗೆ ನಗುವುದಕ್ಕೂ ಆಯಾಸವಾಗಿತ್ತು.

ಠಾಣೆಯ ಮೆಟ್ಟಿಲ ಮೇಲೆ ಬೈರನ ಹೆಂಡತಿ ದುರ್ಗಿ ಕೂತಿದ್ದಳು. ಪರಮೇಶ್ವರಪ್ಪ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅವಳ ಪ್ರಶ್ನೆ ಒಂದೇ.

"ಬಿಡ್ತ್ರಾ ಸಾಯ್ಬ್ರೇ?"

"ಚೂರಿ ಅವನ ಕೈಯಾಗಿತ್ತಲ್ಲವಾ."

"ಕೈಲಿತ್ತು. ಅವಂದಲ್ಲ. ಅವ್ನಿಗೆ ಅಂಥದ್ದು ಮಾಡಿಸ್ಕೊಡೂರು ಯಾರು? ನಮ್ಮನೇಲಿ ಇಪ್ಪುದು ಒಂದೇ ಕತ್ತಿ, ಅದ್ರಲ್ಲೇ ಸೌದೆ, ಅದ್ರಲ್ಲೇ ಸೌತೆಕಾಯಿ."

ಮಾತು ಅಳುವಿನದಾಗಿರಲಿಲ್ಲ, ಲೆಕ್ಕ ಒಪ್ಪಿಸುವವಳದು. ಅದೇ ಪರಮೇಶ್ವರಪ್ಪನವರಿಗೆ ಅಂಟಿಕೊಂಡಿತು. ಸೋಮವಾರ ಕಾಗದಕ್ಕೆ ರುಜು ಹಾಕಿದರೆ ಈ ಮನುಷ್ಯ ನೇಣಿಗೆ ಅರ್ಧ ದಾರಿ ನಡೆದಂತೆ. ಉಳಿದ ಅರ್ಧವನ್ನು ಬೇರೆಯವರು ನಡೆಸುತ್ತಾರೆ.

ಶುಕ್ರವಾರ ಮಧ್ಯಾಹ್ನ ಅವರು ಬೈರನನ್ನು ಲಾಕಪ್ಪಿನಿಂದ ಹೊರಗೆ ನಿಲ್ಲಿಸಿ, ಹರಿದ ದಾರಕ್ಕೆ ಗಂಟು ಹಾಕಿ, ಖಾಲಿ ಒರೆಯನ್ನು ಅವನ ಕೊರಳಿಗೆ ತೊಡಿಸಿದರು. ಒರೆ ಹೊಕ್ಕುಳ ದಾಟಿ ತೊಡೆಯ ಸಂದಿಗೆ ಬಂತು. ನಾಗಪತಿಗೂ ತೊಡಿಸಿ ನೋಡಿದರು. ಅವನು ಸ್ವಲ್ಪ ಎತ್ತರ, ಆದರೂ ಹೊಕ್ಕುಳ ಕೆಳಗೇ ತೂಗಿತು.

"ಕೈ ಹಾಕಿದ್ರೆ ಚೂರಿ ಬದ್ಲು ಬೇರೆ ಎಂತದೋ ಸಿಕ್ತದೆ," ಎಂದ ನಾಗಪತಿ.

"ಬಾಯಿ ಮುಚ್ಚು. ಬಯಲಾಗ ಉಳಿದವರದು ಎಲ್ಲಿ ತೂಗತಿತ್ತು?"

"ಎದೆಗುಂಡಿಗೆ. ಎಲ್ಲರ್ದೂ ಅಲ್ಲ... ಕೆಲವ್ರದು ಕೆಳಗೆ."

ಪರಮೇಶ್ವರಪ್ಪ ಒರೆಯನ್ನು ಕಿಟಕಿಗೆ ಒಯ್ದರು. ಅದರ ಮೇಲ್ತುದಿಯ ಕಬ್ಬಿಣದ ಬಳೆಗೆ ಬಿಳಿ ಬಟ್ಟೆಯ ಚೂರು ಸುತ್ತಿ ದಾರದಿಂದ ಬಿಗಿದಿತ್ತು. ಹಿಡಿಯಲ್ಲ, ಬಾಯಲ್ಲ, ಯಾವ ಉಪಯೋಗಕ್ಕೂ ಬಾರದ ಜಾಗ. ಮಡಿಕೆ ಬಿಡಿಸಿದಾಗ ಬೆರಳಿಗೆ ಬೂದಿ ಹತ್ತಿತು. ಮೂಸಿದರು. ವಿಭೂತಿ. ದಿನಾ ಬೆಳಿಗ್ಗೆ ತಮ್ಮ ಬೆರಳಿಗೂ ಹತ್ತುವಂಥದ್ದೇ.

ಅವರು ಅಂಗಿಯ ಗುಂಡಿ ಬಿಚ್ಚಿದರು. ಒಳಗೆ ಶಿವದಾರದಲ್ಲಿ ಹೊಕ್ಕುಳ ತನಕ ಇಳಿದ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಒರೆಯನ್ನು ತಾವೇ ಕೊರಳಿಗೆ ಹಾಕಿಕೊಂಡರು. ಅದು ಕರಡಿಗೆಯಿಂದ ಎರಡು ಬೆರಳು ಕೆಳಗೆ, ಹೇಳಿ ಅಳತೆ ತೆಗೆದ ಹಾಗೆ ಬಂದು ನಿಂತಿತು. ಬಗ್ಗಿದರು. ಒರೆ ಮೇಲೆ ಜಾರಿ ಕರಡಿಗೆಗೆ ತಾಗಿತು, ತಾಗಿದ್ದು ಬಟ್ಟೆ. ಕಬ್ಬಿಣ ತಾಗಲಿಲ್ಲ.

ಲಿಂಗಕ್ಕೆ ಕಬ್ಬಿಣ ಬಡಿಯಬಾರದೆಂದು ಮೆತ್ತೆ ಕಟ್ಟಿಕೊಂಡವನ ಚೂರಿ ಇದು. ಅದೇ ಚೂರಿ ಇನ್ನೊಬ್ಬ ಲಿಂಗವಂತನ ಎದೆಗೆ ಹೋಗಿದೆ. ಪರಮೇಶ್ವರಪ್ಪ ಅಂಗಿಯ ಗುಂಡಿ ಹಾಕಿಕೊಂಡರು.

ಶನಿವಾರ ಬೆಳಗಿನ ಬಸ್ಸಿಗೆ ಸಿದ್ದಾಪುರ, ಅಲ್ಲಿಂದ ಕೋಲಸಿರ್ಸಿಗೆ ನಡಿಗೆ. ಗಿರಾಕಿಯ ವೇಷವಿರಲಿ ಎಂದು ಪಂಚೆ ಉಟ್ಟಿದ್ದರು. ಆಚಾರಿಯ ಹೆಸರು ಮೌನೇಶ. ಆ ಹೆಸರಿಟ್ಟ ತಂದೆ ತಾಯಿ ಮಗ ಬಾಯಿ ತೆರೆಯುವವರೆಗೂ ಕಾಯಬೇಕಿತ್ತು.

"ಬನ್ನಿ ಬನ್ನಿ. ಎಂತ ಬೇಕಾಗಿತ್ತು?"

"ಕೊರಳ ಚೂರಿ."

"ಎಂತ ಕೆಲ್ಸಕ್ಕೆ? ಬಗ್ಗೂ ಕೆಲ್ಸವೋ, ಹತ್ತೂ ಕೆಲ್ಸವೋ, ಕೂತು ಮಾಡೂದೋ?"

"ಕೂತು ಮಾಡೋದು. ಬರಿಯೋದು."

"ಬರೆಯೂಕೆ ಚೂರಿ ಎಂತಕ್ಕೆ? ಪೆನ್ಸಿಲ್ ಕೆತ್ತೂಕಾ?" ಆಚಾರಿ ಕೆಳಗೆ ನೋಡಿದ. "ಪಂಚೆ ನಿಮ್ದು, ಬೂಟು ಸರಕಾರದ್ದು. ಕೂತ್ಕಳ್ಳಿ ಫೌಜದಾರ್ರೇ. ಆದ್ರೂ ಚೂರಿ ನೋಡಿ. ನೋಡೂಕೆ ದುಡ್ಡಿಲ್ಲ."

ಮೂರು ಚೂರಿ ಮುಂದಿಟ್ಟ. ಪರಮೇಶ್ವರಪ್ಪ ಹಿತ್ತಾಳೆಯ ಹಿಡಿಯದನ್ನು ಎತ್ತಿಕೊಂಡರು.

"ಒಳ್ಳೇದು ಆರಿಸಿದ್ರಿ. ಕೊರಳಲ್ಲಿ ಚಲೋ ಕಾಣ್ತದೆ. ಕೊಯ್ಯೂಕೆ ಬರೂದಿಲ್ಲ."

"ಕೊಯ್ಯಾಕ ಬರೋದು ಯಾವ್ದು?"

"ಕೈ ಕೊಡಿ." ಆಚಾರಿ ಅವರ ಅಂಗೈಯ ಅಗಲ ಗೇಣು ಹಾಕಿ ನೋಡಿದ. "ಹಿಡಿ ಅಂಗೈಯಷ್ಟು, ಅಲಗು ಬೆರಳಷ್ಟು. ಉದ್ದ ಆದ್ರೆ ಬಗ್ಗಿದಾಗ ಹೊಟ್ಟೆ ಚುಚ್ಚತದೆ. ದಾರ ಹತ್ತಿದು, ಬಡಕಲು. ಗಾಡಿ ಚಕ್ರಕ್ಕೆ ಸಿಕ್ರೆ ದಾರ ಹರೀಬೇಕು, ಕುತ್ತಿಗೆ ಅಲ್ಲ. ಒರೆ ಬಾಯಿ ಕೆಳಗೆ. ಎಳೆದ್ರೆ ಬರಬೇಕು, ಕುಲುಕಿದ್ರೆ ಬೀಳಬಾರ್ದು. ಅದೇ ಕಷ್ಟ. ಎರಡೂ ಒಂದಕ್ಕೊಂದು ಆಗೂದಿಲ್ಲ. ನಾನು ಬಿಗಿನೇ ಇಡ್ತೆ."

ಪರಮೇಶ್ವರಪ್ಪ ಚೀಲದಿಂದ ಚೂರಿ ತೆಗೆದರು. "ಇದು ಬಿಗಿ ಇಲ್ಲ."

ಆಚಾರಿ ಕೈ ಹಿಂದಕ್ಕೆ ಎಳೆದುಕೊಂಡ. ಚೂರಿಯನ್ನು ಮುಟ್ಟಲಿಲ್ಲ.

"ನಂದೇ. ಆದ್ರೆ ಒರೆ ನಾ ಹಾಳು ಮಾಡಿದ್ದಲ್ಲ, ಅವ ಮಾಡಿಸಿದ್ದು. ದೀಪಾವಳಿ ಕಳೆದ ಮೇಲೆ ಬಂದಿದ್ದ. ಇಲ್ಲೇ ಕೂತು ಎಳೆದ, ಹಾಕಿದ, ಮತ್ತೆ ಎಳೆದ. ಇನ್ನೂ ಸಡಿಲ ಮಾಡು ಅಂದ. ಬೀಳ್ತದೆ ಮಾರಾಯ ಅಂದೆ. ಬಿದ್ರೆ ಬೀಳ್ಲಿ, ಒಂದೇ ಎಳೆತಕ್ಕೆ ಬರಬೇಕು ಅಂದ. ಮತ್ತೆ ಕೆರೆದೆ. ಊಟಕ್ಕೂ ಏಳಲಿಲ್ಲ. ಎಳೆದಾಗೆಲ್ಲ ಅವನ ಕಣ್ಣಲ್ಲಿ ನೀರು."

"ಹೆಸರು?"

"ಗುಡ್ನಾಪುರದವ. ಹೆಸರು ಕೇಳೂದು ಮರೆತೆ, ನಾನೇ ಮಾತಾಡ್ತಿದ್ದೆ. ಅವನ ಜೋಡಿಲಿ ಒಂದು ಎತ್ತು ಸತ್ತಿತ್ತಂತೆ. ಒಂಟಿ ಎತ್ತಿನವ."

ಆಚಾರಿಯ ಹೇಳಿಕೆ ಬರೆದುಕೊಂಡು ಕೊನೆಯ ಬಸ್ಸಿಗೆ ಶಿರಸಿಗೆ ಮರಳಿದರು. ಭಾನುವಾರ ಬೆಳಿಗ್ಗೆ ಗುಡ್ನಾಪುರದಲ್ಲಿ ಒಂಟಿ ಎತ್ತಿನವನ ಮನೆ ತೋರಿಸಲು ಯಾರಿಗೂ ಕಷ್ಟವಾಗಲಿಲ್ಲ. ಚಂದ್ರಶೇಖರಪ್ಪ, ನಲವತ್ತೈದರ ಗಟ್ಟಿ ಆಳು, ಕೆರೆಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ. ಶುಕ್ರವಾರ ಶಂಕ್ರಪ್ಪನ ಮಣ್ಣಿಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಪರಮೇಶ್ವರಪ್ಪ ದಂಡೆಯಲ್ಲಿ ನಿಂತು ನೋಡಿದರು. ಬಗ್ಗಿದ ಅವನ ಕುತ್ತಿಗೆಯ ಹಿಂದೆ ಬೀಳುವವನು ಜಗ್ಗಿದಾಗ ದಾರ ಕೊಯ್ದ ಕೆಂಪು ಗೆರೆ ಇನ್ನೂ ಆರಿರಲಿಲ್ಲ.

"ಕೊರಳಾಗ ಚೂರಿ ಎಲ್ಲಪಾ?"

ಚಂದ್ರಶೇಖರಪ್ಪ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಹತ್ರ ಐತಿ ಅಲ್ಲರೀ. ಇದರ ಮೈ ತೊಳದು ಬರ್ತೀನಿ. ಒಂದು ನಿಮಿಷ ನಿಲ್ರಿ."

ನಿಂತರು. ನಾಗಪತಿ ಬೇಡಿ ತೆಗೆದಾಗ ಅದು ಬೇಡವೆಂದು ಕೈಸನ್ನೆ ಮಾಡಿದರು. ಆಮೇಲೆ, ನಿಯಮ ನಿಯಮವೇ ಎಂದು ಹಾಕಿಸಿದರು.

ಸೋಮವಾರ ಕಾರವಾರಕ್ಕೆ ಕಾಗದ ಹೋಯಿತು, ಆದರೆ ಬೇರೆ ಹೆಸರಿನದು. ಮ್ಯಾಜಿಸ್ಟ್ರೇಟರ ಆದೇಶ ಬಂದದ್ದೇ ಬೈರನನ್ನು ಬಿಟ್ಟರು. ದುರ್ಗಿ ಮೆಟ್ಟಿಲಿನಿಂದ ಎದ್ದು ಅವನ ಅಂಗಿಯ ರಕ್ತದ ಕಲೆ ನೋಡಿ, "ಇದು ಹೋಗೂದಿಲ್ಲ," ಎಂದಳು. ಇಬ್ಬರೂ ಒಬ್ಬರ ಹಿಂದೊಬ್ಬರು ನಡೆದರು. ಕ್ಷಮೆಯಂಥ ಏನನ್ನಾದರೂ ಹೇಳಬೇಕೆಂದು ಪರಮೇಶ್ವರಪ್ಪನವರಿಗೆ ಅನಿಸಿತು. ಅದಕ್ಕೆ ಸರಕಾರದಲ್ಲಿ ಶಬ್ದವಿರಲಿಲ್ಲ.

ಅಂದು ಮಧ್ಯಾಹ್ನ ವಿಚಾರಣೆ.

"ಎತ್ತು ಯಾವಾಗ ಸತ್ತಿದ್ದು?"

"ಶ್ರಾವಣದಾಗರೀ. ಯಲ್ಲಾಪುರ ರಸ್ತೆ ಇಳಕಲಿನ್ಯಾಗ ಕಾಲು ಜಾರ್ತು. ಹೇರು ಮ್ಯಾಲೆ ಬಂತು. ಹಗ್ಗ ಕುತ್ತಿಗಿ ಬಿಗೀತು."

"ಚೂರಿ ಇರಲಿಲ್ಲೇನು?"

"ಇತ್ತರೀ. ಸಂತ್ಯಾಗ ತಗೊಂಡಿದ್ದು. ಮಳಿಗೆ ಒರಿ ಉಬ್ಬಿ ಕಚ್ಕೊಂಡಿತ್ತು. ಎಳದೆ, ಎಳದೆ. ಬರಲಿಲ್ಲ."

"ಶಂಕ್ರಪ್ಪ?"

"ಹಿಂದಿನ ಗಾಡಿ ಅವಂದ. ಓಡಿ ಬಂದು ತನ್ನ ಚೂರಿಲೆ ಕೊಯ್ದ. ಅಷ್ಟರಾಗ ಹೋಗಿತ್ತು. ನನಗ ನೀರು ಕುಡಿಸಿದವನೂ ಅವನೇ."

"ಮತ್ಯಾಕ?"

ಚಂದ್ರಶೇಖರಪ್ಪ ಬೇಡಿಯ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡ.

"ಎಲ್ಲಾರನ್ನೂ ಮಾಡಿ ತೋರಸ್ತಿದ್ದ. ಒಂದಿವ್ಸ ನನ್ನೂ ಮಾಡಿದ. ಹಿಂಗ ಎದಿ ಹಿಡ್ಕೊಂಡು ಎಳಿಯೋದು, ಅಳೋದು. ಮಂದಿ ನಕ್ರು. ನಾನೂ ನಕ್ಕೆರೀ. ನನ್ನ ಮಾಡಿದ್ದಕ್ಕ ಏನೂ ಅನಸಲಿಲ್ಲ. ಆಮ್ಯಾಲ ಎತ್ತಿನ್ನ ಮಾಡಾಕ ಹತ್ತಿದ. ಉಸಿರು ಸಿಗದ ಅದು ಒದರಿತ್ತಲ್ಲ, ಆ ದನಿ. ಅವ ಅಲ್ಲೇ ಇದ್ದನಲ್ಲ, ಕೇಳಿದ್ದ. ಬ್ಯಾರೆಯವರು ಮಾಡಿದ್ರ ಸುಳ್ಳು ಅನಸ್ತಿತ್ತು. ಅವ ಮಾಡಿದ್ರ ಅದ ಬಂದು ನಿಂತಂಗ ಇರ್ತಿತ್ತರೀ."

"ಗುರುವಾರ?"

"ಬಾವಿ ಹತ್ರ ಹೊಸಾ ಚೂರಿ ನೋಡಿದ. ಇದಾದ್ರೂ ಬರ್ತೈತೇನೋ ಚಂದ್ರಾ ಅಂದ. ಆ ದನಿ ತಗದ. ನಾ ಎಳದೆ. ಬಂತು."

ನಾಗಪತಿ ಬಾಗಿಲ ಬಳಿ ನಿಂತಿದ್ದವನು ಹೊರಗೆ ಹೋದ.

"ನೋಡಪಾ," ಎಂದರು ಪರಮೇಶ್ವರಪ್ಪ, "ನನ್ನ ಮುಂದ ಹೇಳಿದ್ದು ಕೋರ್ಟಿನ್ಯಾಗ ನಡಿಯೂದಿಲ್ಲ. ನಾಳೆ ಮ್ಯಾಜಿಸ್ಟ್ರೇಟರ ಮುಂದ ಇದನ್ನ ಇದ್ದದ್ದು ಇದ್ದಂಗ ಹೇಳು. ಕೆಣಕಿದ್ದಕ್ಕ ಆಗಿದ್ದು ಅಂತ ಶಿಕ್ಷಾ ಕಡಿಮಿ ಆಗಬಹುದು. ಇಲ್ಲಂದ್ರ ಎಲ್ಲಾ ಕೇಸಿಗೂ ಬರಿಯೂ ಹಂಗ ಹಳೆಯ ವೈಷಮ್ಯ ಅಂತ ಬರೀತಾರ. ಅದಕ್ಕ ನೇಣು."

"ಹೇಳಿದ್ರ ಬರ್ಕೊಂತಾರೇನ್ರಿ?"

"ಬರ್ಕೊಂತಾರ."

"ಮುಂದ ಎಲ್ಲಾರ ಮುಂದ ಓದ್ತಾರ?"

"ಓದ್ತಾರ."

"ಎತ್ತು ಹೆಂಗ ಒದರಿತು ಅಂತ ವಕೀಲ್ರು ಕೇಳ್ತಾರೇನ್ರಿ?"

ಪರಮೇಶ್ವರಪ್ಪ ಮುಂದಿದ್ದ ಕಾಗದ ಮಡಚಿದರು. ಕೇಳುತ್ತಾರೆಂದು ಅವರಿಗೆ ಗೊತ್ತಿತ್ತು. ಕೋರ್ಟಿನ ಕಟ್ಟೆಯ ಮೇಲೆ ಕೂತ ಮಂದಿ ನಗುತ್ತಾರೆಂಬುದೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮ್ಯಾಜಿಸ್ಟ್ರೇಟರು ಪೊಲೀಸರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಪರಮೇಶ್ವರಪ್ಪ ಜಗಲಿಯ ಬೆಂಚಿನ ಮೇಲೆ ಕಾದರು. ಬಹಳ ಹೊತ್ತು ಹಿಡಿಯಬೇಕಾದದ್ದು ಕೂಡಲೇ ಮುಗಿಯಿತು. ಕಾರಕೂನ ಹೊರಗೆ ಬಂದು ಬೀಡಿ ಹಚ್ಚಿದ.

"ಏನಂದ?"

"ಕೊಂದದ್ದು ನಾನೇ ಅಂದ. ಕಾರಣ ಕೇಳಿದ್ರೆ ಕೈ ಕಟ್ಟಿ ನಿಂತು, ನಮ್ಮ ಕಾಗದದ ಭಾಷೆಯಲ್ಲೇ ಹೇಳಿದ ನೋಡಿ: ಹಳೆಯ ವೈಷಮ್ಯ. ಮತ್ತೊಂದು ಮಾತು ಬಾಯಿಂದ ಹೊರಡಲಿಲ್ಲ."