ತೊಟ್ಟಿಲಲ್ಲಿ ತೂಗಿದ ಒಲೆ

“ನೀರಿನ ಮ್ಯಾಲ ಅಡಗಿ ಮಾಡೂ ಒಲಿ ಐತೇನ್ರಿ?”

ಪಂಪ್ ಸ್ಟೋವಿನ ಬರ್ನರ್ ಬಿಚ್ಚುತ್ತ ಕೂತಿದ್ದ ರೋಹಿಣಿ ತಲೆ ಎತ್ತಲಿಲ್ಲ. ಕುಂದಗೋಳದ ಬಸ್ ಸ್ಟ್ಯಾಂಡಿನ ಎದುರು ಅಪ್ಪ ಬಿಟ್ಟುಹೋದ ಒಲೆ ರಿಪೇರಿ ಅಂಗಡಿ ಅದು. ಹೆಣ್ಣುಮಗಳು ನಟ್ಟು ಬಿಚ್ಚುವ ಪಾನಾ ಹಿಡಿದು ಕೂತಿದ್ದು ಕಂಡರೆ ಚೇಷ್ಟೆ ಮಾಡಿ ಹೋಗುವ ಗಂಡಸರು ಅವಳಿಗೇನೂ ಹೊಸಬರಲ್ಲ.

“ನೀರಿನ ಮ್ಯಾಲ ಇಲ್ರಿ. ಗಾಳಿ ಮ್ಯಾಲ ಮಾಡೂದು ಐತಿ, ಕಟ್ಟಿ ಕೊಡ್ಲೇನು?”

ಆತ ನಗಲಿಲ್ಲ.

“ಚೇಷ್ಟಿ ಅಲ್ರಿ. ದೋಣಿ ಕಟ್ಟಾಕತ್ತೇನಿ. ಹಾಯಿ ಏರಿಸಿ ಗಾಳಿಗೆ ಹೋಗೂ ಸಣ್ಣ ದೋಣಿ. ಅದರಾಗ ಒಂದು ಒಲಿ ಬೇಕು. ಹುಬ್ಬಳ್ಳ್ಯಾಗ ಕೇಳಿದಲ್ಲೆಲ್ಲಾ ನಕ್ಕು ಕಳಿಸಿದ್ರು. ನೀವೂ ಒಮ್ಮೆ ನಕ್ಕುಬಿಡ್ರಿ, ಮುಂದಿನ ಬಸ್ಸಿಗೆ ಹೊಕ್ಕೇನಿ.”

ಆಗ ತಲೆ ಎತ್ತಿದಳು ರೋಹಿಣಿ.

ಎತ್ತರದ ಆಳು. ಅಂಗಿಯ ತುಂಬ ಕಟ್ಟಿಗೆಯ ಹೊಟ್ಟು. ಉಗುರ ಸಂದಿಯಲ್ಲಿ ಕೆಂಪು, ಹಳದಿ ಅರಗಿನ ಬಣ್ಣ. ಕಣ್ಣಲ್ಲಿ ಮಾತ್ರ... ಎಷ್ಟೋ ಅಂಗಡಿ ಹತ್ತಿಳಿದ ದಣಿವು!

ಸುತ್ತ ಕಣ್ಣು ಹಾಯುವವರೆಗೂ ಎರೆಹೊಲ. ಸಮುದ್ರ ಎಲ್ಲಿ, ಈ ಊರು ಎಲ್ಲಿ? ನಗು ಬರಬೇಕಿತ್ತು. ಯಾಕೋ ಬರಲಿಲ್ಲ.

“ಎಷ್ಟು ಮಂದಿಗೆ ಅಡಗಿ?” ಯಾವ ಗಿರಾಕಿ ಬಂದರೂ ಅವಳ ಮೊದಲ ಪ್ರಶ್ನೆ ಇದೇ.

“ಒಬ್ಬಗ.”

“ಕೂಡ್ರಿ,” ಎಂದು ಸ್ಟೂಲು ಸರಿಸಿದಳು.

ಅವನ ಹೆಸರು ಗೌರೀಶ. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಮನೆತನ. ಕಾರವಾರದಲ್ಲಿ ಹತ್ತು ವರ್ಷ ಬೇರೆಯವರ ದೋಣಿ ರಿಪೇರಿ ಮಾಡಿ, ಈಗ ತನ್ನದೊಂದು ಇರಲಿ ಎಂದು ಹಿತ್ತಲ ಶೆಡ್ಡಿನಲ್ಲಿ ಕಟ್ಟುತ್ತಿದ್ದ.

“ಗ್ಯಾಸ್ ಬ್ಯಾಡ್ರಿ,” ರೋಹಿಣಿ ಬೆರಳು ಮಡಚಿದಳು. “ಸೋರಿದ್ರ ಅದು ಮ್ಯಾಲ ಹಾರೂದಿಲ್ಲ. ದೋಣಿ ತಳದಾಗ ನೀರಿನಂಗ ಹೋಗಿ ಕೂಡ್ತೈತಿ. ಆಮ್ಯಾಲ ಕಡ್ಡಿ ಗೀರಿದ್ರ ಮುಗೀತು.”

“ಪಂಪ್ ಸ್ಟೋ?”

“ಹಚ್ಚೂಮುಂದ ಬಟ್ಟಲದಾಗ ಎಣ್ಣಿ ಉರಿಸಿ ಬರ್ನರ್ ಕಾಯಿಸ್ಬೇಕು. ಸಮಾ ನೆಲದ ಮ್ಯಾಲ ಅದು ರಾಜಾ. ಅಲುಗಾಡೂ ಕಡೆ ಹಚ್ಚಿದ್ರ ಆ ಎಣ್ಣಿ ಚೆಲ್ಲಿ ಮಾರಿಗೇ ಉರಿ ಬರ್ತೈತಿ. ಅಪ್ಪಿತಪ್ಪಿ ಹಚ್ಚಬ್ಯಾಡ್ರಿ.”

“ಮತ್ತ?”

“ಸ್ಪಿರಿಟ್ ಒಲಿ. ಒಳಗ ಹತ್ತಿಯಂಥಾದ್ದು ಸ್ಪಿರಿಟ್ ಹೀರ್ಕೊಂಡಿರ್ತೈತಿ. ಬೋರಲ ಬಿದ್ರೂ ಚೆಲ್ಲೂದಿಲ್ಲ. ಉರಿ ಎದ್ರ ನೀರು ಹಾಕಿ ಆರಿಸಬಹುದು. ಮುಂಬೈದಿಂದ ತರಸ್ಬೇಕು. ಆದ್ರ... ಉರಿ ಸಣ್ಣದು. ರೊಟ್ಟಿ ಅಗದಿ ತಡಾ ಆಗ್ತಾವು.”

“ರೊಟ್ಟಿ ಇಲ್ದ ನಾ ಬದುಕೂದಿಲ್ರೀ!”

ಅವಳು ನಕ್ಕೇಬಿಟ್ಟಳು. ಹುಬ್ಬಳ್ಳಿಯವರು ನಕ್ಕಂತಲ್ಲ.

“ದೋಣಿ ವಾಲಿದಾಗ ಒಲಿ ಮ್ಯಾಲಿನ ಗಡಿಗಿ ಜಾರೂದಿಲ್ಲೇನು?”

“ಅದು ನನಗ ಬಿಡ್ರಿ. ಒಲಿಗೊಂದು ಸಣ್ಣ ತೊಟ್ಲಾ ಮಾಡಿ ತೂಗಿ ಬಿಡ್ತೇನಿ. ದೋಣಿ ಎತ್ತ ವಾಲಿದ್ರೂ ತೊಟ್ಲಾ ಸಮಾನೇ ಇರ್ತೈತಿ. ಕೂಸು ಮಕ್ಕೊಂಡಂಗ ಅನ್ನಾ ಕುದೀತೈತಿ ನೋಡ್ರಿ.”

ಒಲೆಗೆ ತೊಟ್ಟಿಲು! ಇಂಥ ಮಾತನ್ನು ರೋಹಿಣಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮುಂಬಯಿಗೆ ಸ್ಪಿರಿಟ್ ಒಲೆಗೆ ಆರ್ಡರ್ ಹಾಕಿ, ಅದು ಬರುವವರೆಗೆ ಶೆಡ್ಡಿನಲ್ಲಿ ಚಹಾ ಕಾಸಿಕೊಳ್ಳಲೆಂದು ಹಳೆಯ ಪಂಪ್ ಸ್ಟೋವೊಂದಕ್ಕೆ ಹೊಸ ವಾಶರ್ ಹಾಕಿ ಕೊಟ್ಟು ಕಳಿಸಿದಳು.

ಮುಂದಿನ ಶನಿವಾರ ಮತ್ತೆ ಬಂದ. ಒಲೆಯ ಅಳತೆ ಬೇಕಿತ್ತಂತೆ. ಅದರ ಮುಂದಿನ ಶನಿವಾರ ತೊಟ್ಟಿಲೊಳಗಿನ ತಗಡು ಹಿತ್ತಾಳೆಯದಿರಲೋ ಸ್ಟೀಲಿನದಿರಲೋ ಎಂದು ಕೇಳಲು.

ಅಂಗಡಿಯ ಹಿಂದೆ ಮೆಣಸಿನಕಾಯಿ ಹಸನು ಮಾಡುತ್ತ ಕೂತಿದ್ದ ಅವ್ವ ಮಲ್ಲಕ್ಕ ಸುಮ್ಮನಿರುವವಳಲ್ಲ.

“ಏನ್ ಗಿರಾಕಿನೋ ಯವ್ವಾ! ಹೆಣ್ಣು ನೋಡಾಕ ಬಂದವ್ರೂ ಒಂದ ಸಲಕ್ಕ ಮುಗಿಸಿ ಹೋಗ್ತಾರ.”

“ಸುಮ್ನಿರ ಬೇ!” ರೋಹಿಣಿಯ ಕಿವಿ ಬಿಸಿಯಾದವು.

ಶನಿವಾರ ಬಂದರೆ ಪ್ರತಿ ಬಸ್ಸಿಗೂ ಕಣ್ಣು ತಾನಾಗಿ ಏಳುತ್ತಿತ್ತು... ‘ಇದೇನು ಹುಚ್ಚು?’ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೈದಷ್ಟೂ ಹೆಚ್ಚಾಯಿತು.

ಆಮೇಲೊಂದು ದಿನ ಅವನು ಚಹಾದ ಕಪ್ಪು ಕೆಳಗಿಟ್ಟು ಹೇಳಿದ.

“ದೋಣಿ ಮುಗೀತ್ರಿ. ಕೆರ್‍ಯಾಗ ಒಮ್ಮೆ ಇಳಿಸಿ ನೋಡಿ, ಲಾರಿಗೆ ಹಾಕಿ ಕಾರವಾರಕ್ಕ. ಚಳಿಗಾಲ, ಬ್ಯಾಸಿಗಿ ಪೂರಾ ಮಂದೀನ ಕೂಡಿಸ್ಕೊಂಡು ತಿರುಗೂದು. ಮತ್ತ ಮಳಿಗಾಲಕ್ಕ ಊರು. ನಿಮ್ಮ ಒಲಿ ಒಂದ ಬಾಕಿ. ಅದು ಬಂದ್ರ ಹೊಂಟೆ.”

ಅದು ಬಂದರೆ ಹೊರಟ...!

ಆ ವಾರವೇ ಮುಂಬಯಿಯ ಪಾರ್ಸಲ್ ಬಂತು. ರೋಹಿಣಿ ಡಬ್ಬಿ ಬಿಚ್ಚಿ ನೋಡಿದಳು. ಅಂಗೈಯಗಲದ ಬರ್ನರ್, ಬೆಳ್ಳಿಯಂಥ ಒಲೆ. ಮತ್ತೆ ಮುಚ್ಚಿದಳು. ಹಳೆಯ ಬರ್ನರುಗಳ ಚೀಲ ಸರಿಸಿ, ಅದರ ಹಿಂದೆ ಇಟ್ಟಳು.

‘ಒಂದೇ ವಾರ. ಇನ್ನೊಂದೇ ಸಲ ಅವನು ಬರಲಿ... ಆಮೇಲೆ ಕೊಡುತ್ತೇನೆ.’

ಶನಿವಾರ ಬಂದ.

“ಬಂತೇನ್ರಿ?”

“ಇಲ್ರಿ,” ಎಂದಳು. ಕಣ್ಣು ಪಾನಾದ ಮೇಲಿತ್ತು.

ಮತ್ತೊಂದು ಶನಿವಾರ. “ತೊಟ್ಲಾ ತಯಾರಾಗೇತಿ. ಒಲಿ ಒಂದ...”

ಚೀಲದ ಹಿಂದಿನ ಡಬ್ಬಿ ಬೆನ್ನಿಗೆ ಚುಚ್ಚುತ್ತಿತ್ತು. ಅವನ ಮುಖ ನೋಡಲಾಗಲಿಲ್ಲ. ನೋಡಿದರೆ ಅತ್ತೇಬಿಡುತ್ತಾಳೆ! ಸುಳ್ಳಿನ ಸಂಕಟ ಬಾಯಿಗೆ ಬರುವಾಗ ಸಿಟ್ಟಾಗಿ ಬಂತು.

“ಹೇಳಿದೆ ಅಲ್ರಿ ಬಂದಿಲ್ಲಂತ! ಬಂದ್ರ ಫೋನ್ ಮಾಡ್ತೇನಿ. ಸುಮ್ನ ಯಾಕ ಅಷ್ಟ್ ದೂರದಿಂದ ಬರ್ತೀರಿ?”

ಸ್ಟೂಲಿನ ಮೇಲೆ ಕೂಡಲು ಹೋದವನು ಹಾಗೇ ನಿಂತ.

“ಆತ್ರಿ. ಇನ್ನ ಬರೂದಿಲ್ಲ.”

ಚಹಾ ಕುಡಿಯದೆ ಹೋದ. ಕರೆಯಬೇಕು ಎಂದುಕೊಂಡಳು... ಕರೆಯಲಿಲ್ಲ.

ಮುಂದಿನ ಶನಿವಾರ ಬಸ್ಸುಗಳೆಲ್ಲ ಬಂದು ಹೋದವು. ಅವನು ಬರಲಿಲ್ಲ. ಸಂಜೆ ಸೋತು ಫೋನ್ ಮಾಡಿದಳು. ಎತ್ತಿದ್ದು ಅವನ ತಾಯಿ.

“ಯಾರವ್ವಾ? ಒಲಿ ಅಂಗಡಿಯಾಕೀನ? ನನ್ನ ಮಗಾ ಕೈ ಸುಟಗೊಂಡಾನಬೇ...”



ಮರುದಿನ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಕಲಘಟಗಿಗೆ ಇಳಿದಾಗ ಅವಳ ಚೀಲದಲ್ಲಿ ಆ ಡಬ್ಬಿ ಇತ್ತು. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದಳು. ಒಲೆಯೋ, ಬಂಡೆಗಲ್ಲೋ!

ಗೌರೀಶ ಪಡಸಾಲೆಯ ಮಂಚದ ಮೇಲಿದ್ದ. ಬಲಗೈಗೆ ಮೊಣಕೈವರೆಗೂ ಬಿಳಿ ಬ್ಯಾಂಡೇಜು. ಅರಗಿನ ಬಣ್ಣದಲ್ಲಿ ಬಳ್ಳಿ ಬರೆಯುವ ಕೈ... ದೋಣಿಯ ಹುಟ್ಟು ಹಾಕುವ ಕೈ.

ತಾಯಿ ಸಣ್ಣವ್ವನೇ ಹೇಳಿದಳು, ಸೆರಗಿನಿಂದ ಕಣ್ಣೊರೆಸುತ್ತ.

“ಎಲ್ಲಾ ನನ್ನ ತಪ್ಪಬೇ ತಂಗಿ. ದೋಣ್ಯಾಗ ತೊಟ್ಲಾ ತೂಗಹಾಕಿದ್ದ, ಬರೀ ತೊಟ್ಲಾ. ಬರೀ ತೊಟ್ಲಾ ತೂಗಬಾರ್ದು, ನಮ್ಮ ಮನ್ಯಾಗ ಹಿರ್‍ಯಾರ ಕಾಲದಿಂದ ನಡಕೊಂಡು ಬಂದದ್ದು. ಗಿರಾಕಿಗೆ ಕೊಡೂಮುಂದ ಸೈತ ಒಂದು ಗುಂಡಕಲ್ಲರ ಇಟ್ಟ ಕೊಡ್ತೇವಿ. ‘ಏನರ ಇಟ್ಟು ಕೆರಿಗೆ ಒಯ್ಯೋ’ ಅಂದೆ. ಖರೇ ಒಲಿ ಬಂದಿದ್ದಿಲ್ಲ. ಆ ಪಂಪ್ ಸ್ಟೋ ಇಟ್ಟಾ... ಇಟ್ಟಾಂವ ಹಚ್ಚಿದಾ. ಗಾಳಿ ಬಂದು ದೋಣಿ ಹೊಯ್ದಾಡಿ ಭಗ್ ಅಂತ ಉರಿ ಎದ್ದೈತಿ. ದೋಣಿ ಉಳೀತು, ತೊಟ್ಲಾ ಅರ್ಧಾ ಸುಟ್ಟೈತಿ. ನಾ ಬಾಯಿ ಮುಚ್ಕೊಂಡಿದ್ರ ನನ್ನ ಮಗನ ಕೈ ಉಳೀತಿತ್ತು!”

ರೋಹಿಣಿ ಚೀಲದೊಳಗಿನ ಡಬ್ಬಿಯ ಮೇಲೆ ಕೈಯಿಟ್ಟಳು.

ಸುಮ್ಮನಿದ್ದರೆ ಆಯಿತು. ಯಾರಿಗೂ ಗೊತ್ತಾಗುವುದಿಲ್ಲ. ‘ಒಲೆ ನಿನ್ನೆ ಬಂತು’ ಎಂದರೆ ಮುಗಿಯಿತು. ಅವನು ತನ್ನವನಾಗಿಯೂ ಉಳಿದಾನು...

ಆದರೆ ಈ ಮುದುಕಿ? ತಾನು ಮಾಡದ ತಪ್ಪನ್ನು ಹೊತ್ತುಕೊಂಡು ಎಷ್ಟು ದಿನ ಅಳಬೇಕು?

ಡಬ್ಬಿ ತೆಗೆದು ಮಂಚದ ಮೇಲಿಟ್ಟಳು.

“ನಿಮ್ಮ ತಪ್ಪಲ್ರಿ ಯವ್ವಾ. ನಂದು. ಒಲಿ ಬಂದು ಮೂರು ಶನಿವಾರ ದಾಟಿದ್ವು. ನಾ ಮುಚ್ಚಿಟ್ಟೆ.”



“ಯಾಕ್ರಿ?” ಗೌರೀಶನ ದನಿ ಬಹಳ ಸಣ್ಣದಿತ್ತು.

“ಇದನ್ನ ಕೊಟ್ರ... ನೀವು ಹೋಗ್ತಿದ್ರಿ.”

ಅವನು ಅವಳನ್ನೇ ನೋಡಿದ. ನಂತರ ಡಬ್ಬಿಯನ್ನು. ನಂತರ ತನ್ನ ಕೈಯನ್ನು. ಆಮೇಲೆ ಮೆಲ್ಲಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

“ಹೋಗ್ರಿ.”

ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿ ಎತ್ತಿ ಒಗೆದಿದ್ದರೂ ಆಗುತ್ತಿತ್ತು! ಆ ತಿರುಗಿದ ಮುಖ... ಅಂಗಡಿಯಲ್ಲಿ ತಾನು ಅವನಿಗೆ ತೋರಿಸಿದ್ದೂ ಇದನ್ನೇ ಅಲ್ಲವೇ?

“ಇದನ್ನೂ ಒಯ್ಯವ್ವಾ,” ಎಂದಳು ಸಣ್ಣವ್ವ. “ಈಗ ಒಲಿ ಕಂಡ್ರ ನನ್ನ ಜೀವಾ ನಡಗ್ತೈತಿ.”

ಹೊತ್ತುಕೊಂಡು ಹೋಗಿದ್ದನ್ನು ಹೊತ್ತುಕೊಂಡೇ ಮರಳಿದಳು. ಆದರೆ ಚೀಲದ ಹಿಂದೆ ಇಡಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ, ಬಂದವರೆಲ್ಲರಿಗೂ ಕಾಣುವಂತೆ ಇಟ್ಟಳು. ಕೂತಾಗ ನಿಂತಾಗ ತನ್ನ ಕಣ್ಣಿಗೂ ಬೀಳಲಿ ಎಂದು.

ಸ್ಟೋವ್ ಹಚ್ಚಿದಾಗ ಏಳುವ ಭುಸ್ ಎಂಬ ಸದ್ದು ಅವಳಿಗೆ ಸಂಗೀತವಿದ್ದಂತಿತ್ತು. ಈಗ ಅದು ಕೇಳಿದರೆ ಕೈ ಹಿಂದಕ್ಕೆ ಸರಿಯುತ್ತಿತ್ತು. ಅನ್ನದ ಮುಂದೆ ಕೂತರೆ ಆ ಬಿಳಿ ಬ್ಯಾಂಡೇಜು. ‘ಆ ಕೈಯಿಂದ ಅವನು ತುತ್ತು ಎತ್ತಲಾರ... ನಾನು ಎತ್ತುತ್ತಿದ್ದೇನೆ!’

ಅವ್ವನಿಗೆ ಎಲ್ಲ ಹೇಳಿ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಮಲ್ಲಕ್ಕ ತಲೆ ಸವರಿದಳು, ಆದರೆ ಮಾತು ಮೆತ್ತಗಿರಲಿಲ್ಲ.

“ತಪ್ಪ ಮಾಡೀದಿ. ಅಗದಿ ದೊಡ್ಡ ತಪ್ಪು. ನೀ ಅತ್ರ ಆತನ ಕೈ ಮಾಯ್ತೈತೇನ್? ಏಳು, ಮುಖಾ ತೊಕ್ಕೋ. ಅಂಗಡಿ ತಗಿ.”

ಗೌರೀಶನಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಕ್ಷಮೆ ಕೇಳುವ ಹಕ್ಕಾದರೂ ತನಗೆಲ್ಲಿದೆ? ಒಂದು ಮಧ್ಯಾಹ್ನ ಸಣ್ಣವ್ವನೇ ಫೋನ್ ಮಾಡಿದಳು.

“ಚರ್ಮ ಹೊಸಾದು ಬರಾಕತ್ತೈತಿ. ಬೆರಳು ಮಡಚ್ತಾನ. ನಿನಗ ಹೇಳ್ಬೇಕು ಅನಿಸ್ತು.” ಸ್ವಲ್ಪ ತಡೆದು ಮತ್ತೆ ಅಂದಳು, “ನಿನ್ನ ಮ್ಯಾಲ ಸಿಟ್ಟು ಐತಿ ನನಗ. ಸುಳ್ಳ್ಯಾಕ ಹೇಳ್ಲಿ? ಆದ್ರ ನೀ ಅವತ್ತ ಬಾಯಿ ಬಿಡದಿದ್ರ, ನಾ ಸಾಯೂತನಕ ನನ್ನ ತಪ್ಪಂತ ಅಳ್ತಿದ್ನೆವ್ವಾ.”



ದೀಪಾವಳಿ ಮುಗಿದಿತ್ತು. ಶನಿವಾರ. ಬಸ್ಸುಗಳ ಕಡೆ ನೋಡುವುದನ್ನು ಅವಳು ಬಿಟ್ಟಿದ್ದಳು.

“ನೀರಿನ ಮ್ಯಾಲ ಅಡಗಿ ಮಾಡೂ ಒಲಿ ಐತೇನ್ರಿ?”

ಈ ಸಲ ಕೇಳಿದೊಡನೆ ತಲೆ ಎತ್ತಿದಳು.

ಗೌರೀಶ ಬಾಗಿಲಲ್ಲಿ ನಿಂತಿದ್ದ. ಎಡಗಂಕುಳಲ್ಲಿ ಒಂದು ಪುಟ್ಟ ತೊಟ್ಟಿಲು. ಕೆಂಪು ಅರಗಿನ ಮೇಲೆ ಹಸಿರು ಬಳ್ಳಿ. ಬಳ್ಳಿ ಅರ್ಧದವರೆಗೆ ನೇರವಾಗಿ ಹೋಗಿ, ಅಲ್ಲಿಂದ ಸೊಟ್ಟಸೊಟ್ಟ ಹರಿದಿತ್ತು. ಒಳಗೊಂದು ಗುಂಡಕಲ್ಲು.

“ಸುಟ್ಟ ಕಡೆ ಬಳ್ಳಿ ಎಡಗೈಲೆ ಮತ್ತ ಬರದದ್ದು. ನಗಬ್ಯಾಡ್ರಿ.” ತೊಟ್ಟಿಲನ್ನು ಕಟ್ಟೆಯ ಮೇಲಿಟ್ಟ. “ಕಲ್ಲು ಅವ್ವ ಇಟ್ಟದ್ದು. ಬರೀ ತೊಟ್ಲಾ ಬಸ್ಸಿನ್ಯಾಗ ತೂಗಾಡಬಾರ್ದಂತ. ಕಂಡಕ್ಟರ್ ಕೇಳಿದಾ, ಕೂಸಿಗೂ ಟಿಕೀಟ್ ಹರೀಲೇನು ಅಂತ.”

ರೋಹಿಣಿಗೆ ನಗಲಾಗಲಿಲ್ಲ. ಅವಳ ಕಣ್ಣು ಅವನ ಬಲಗೈಗೆ ಹೋಯಿತು. ಮಣಿಕಟ್ಟಿನಿಂದ ಮೇಲೆ ಎಳೆಗೆಂಪು, ಸುಕ್ಕುಸುಕ್ಕು ಚರ್ಮ. ಥಟ್ಟನೆ ಮುಖ ತಿರುಗಿಸಿದಳು.

“ಇದನ್ನ. ಇದನ್ನ ಬಿಡ್ರಿ ಮೊದ್ಲು,” ಎಂದ ಅವನು.

“ಏನು?”

“ಮುಖಾ ತಿರುವೂದು.” ಸ್ಟೂಲು ಎಳೆದುಕೊಂಡು ಕೂತ. “ಅಲುಗಾಡೂ ಕಡೆ ಪಂಪ್ ಸ್ಟೋ ಹಚ್ಚಬ್ಯಾಡ್ರಿ ಅಂತ ನೀವು ಮೊದಲನೇ ದಿನಾನ ಹೇಳಿದ್ರಿ. ಗೊತ್ತಿತ್ತು ನನಗ. ಅವ್ವ ಏನರ ಇಡು ಅಂದಿದ್ಳು, ಹಚ್ಚು ಅಂದಿದ್ದಿಲ್ಲ. ನಾನ ಹಚ್ಚಿದೆ, ಸಿಟ್ಟಿಗೆ. ಅಂಗಡಿಗೆ ಬಂದ್ರ ನೀವು ನನ್ನ ಕಡೆ ನೋಡ್ಲಿಲ್ಲ... ಬರಬ್ಯಾಡ ಅಂದ್ರಿ... ನಾ ಬ್ಯಾಡಾದೆ ಅಂತ ತಿಳಕೊಂಡೆ. ನಿಮ್ಮ ಒಲಿ ಇಲ್ಲದ ನಾ ಹೋಗಿ ತೋರಿಸ್ತೇನಿ ಅಂತ ಹಚ್ಚಿದೆ.”

ಅವಳ ಕಣ್ಣು ತುಂಬಿ ಹರಿಯಿತು.

“ನೀವು ಬ್ಯಾಡ ಆಗಿದ್ರ ಮುಚ್ಚಿಡ್ತಿದ್ನೇನ್ರಿ...? ಹಂಗಂತ ನನ್ನ ತಪ್ಪು ತಪ್ಪಲ್ಲಂತ ಅನ್ನಬ್ಯಾಡ್ರಿ. ನಿಮ್ಮ ಈ ಕೈ ನೋಡಿದಾಗೆಲ್ಲಾ ನನಗ...”

“ಅನ್ನೂದಿಲ್ಲ. ತಪ್ಪ ಅದು. ಸಿಟ್ಟು ಪೂರಾ ಹೋಗಿಲ್ಲ ಇನ್ನೂ.” ಅವನು ಆ ಕೈಯನ್ನೇ ಕಟ್ಟೆಯ ಮೇಲೆ, ಅವಳ ಮುಂದೆ ಚಾಚಿದ. “ಆದ್ರ ಒಂದ ಮಾತು. ಇನ್ನ ಮ್ಯಾಲ ಹೋಗಬ್ಯಾಡ ಅನಿಸಿದ್ರ ಬಾಯಿ ಬಿಟ್ಟು ‘ಹೋಗಬ್ಯಾಡ್ರಿ’ ಅನ್ನು, ರೋಹಿಣಿ. ಒಲಿ ಮುಚ್ಚಿಡಬ್ಯಾಡ. ಇದನ್ನೂ ನೋಡು. ನೋಡಿ ಅಳು ಬಂದ್ರ ಅಳು. ಮುಖಾ ಮಾತ್ರ ತಿರುವಬ್ಯಾಡ.”

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಮೊದಲ ಸಲ ನೀನು ಎಂದಿದ್ದ...

ಅವಳು ನೋಡಿದಳು. ಪೂರಾ ನೋಡಿದಳು. ಬೆರಳ ತುದಿಯಿಂದ ಆ ಎಳೆಯ ಚರ್ಮವನ್ನು ಮುಟ್ಟಿದಳು, ಕುದಿ ಬಂದ ಹಾಲಿನ ಕೆನೆ ಮುಟ್ಟಿದಷ್ಟು ಹಗುರವಾಗಿ.

ಹಿಂದಿನಿಂದ ಮಲ್ಲಕ್ಕನ ದನಿ ಬಂತು. “ಚಾ ಇಡ್ಲ್ಯಾ? ಇವತ್ತರ ಕುಡದ ಹೊಕ್ಕಾರೋ ಇಲ್ಲೋ?”

“ಕುಡೀತೇನ್ರಿ ಕಾಕೂ! ಎರಡು ಕಪ್!” ಎಂದ ಗೌರೀಶ.

ರೋಹಿಣಿ ಕಣ್ಣೊರೆಸಿಕೊಂಡು ತೊಟ್ಟಿಲಿನಿಂದ ಗುಂಡಕಲ್ಲು ಎತ್ತಿದಳು. ಡಬ್ಬಿ ಬಿಚ್ಚಿ ಆ ಬೆಳ್ಳಿಯಂಥ ಒಲೆಯನ್ನು ಒಳಗಿಟ್ಟಳು. ಅಳತೆ ಸರಿಯಾಗಿ ಕೂತಿತು. ಅವನು ಒಂದು ಬೆರಳಿನಿಂದ ತೊಟ್ಟಿಲನ್ನು ಮೆಲ್ಲಗೆ ತೂಗಿದ.

“ಈ ಸಲ ನೀ ಕೇಳ್ಲೇ ಇಲ್ಲಲ್ಲ?”

“ಏನನ್ನ?”

“ಗಿರಾಕಿಗೆ ಮೊದ್ಲು ಕೇಳೂದು.”

ಮುಖ ತಿರುಗಿಸದೆ ಕೇಳಿದಳು. “ಎಷ್ಟು ಮಂದಿಗೆ ಅಡಗಿ?”

“ಇಬ್ಬರಿಗೆ. ನೀ ಬರ್ತೇನಿ ಅಂದ್ರ.”

ಹೊರಗೆ ಹುಬ್ಬಳ್ಳಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇಬ್ಬರೂ ಅತ್ತ ನೋಡಲಿಲ್ಲ.

“ಆ ಒಲಿ ಉರಿ ಸಣ್ಣದ್ರಿ,” ಎಂದಳು ಅವಳು, ಅಳುತ್ತಲೇ ನಗುತ್ತ. “ಇಬ್ಬರ ರೊಟ್ಟಿ ಆಗೂದು ಬಾಳ ತಡಾ ಆಗ್ತೈತಿ.”

“ಆಗ್ಲಿ ಬಿಡು. ನೀ ಮಾಡೂ ತಡಾ ನನಗ ರೂಢಿ ಆಗೇತಿ.”